ಒಂದೇ ಬಿಲ್ಡಿಂಗಿನಲ್ಲಿ ನಾಲ್ವರಿಗೆ ಕ್ಯಾನ್ಸರ್: ಸಂಶಯ ಬಂದರೆ ಏನು ಮಾಡಬೇಕು?



“ನಮ್ಮ ಬಿಲ್ಡಿಂಗಿನಲ್ಲಿ ನಾಲ್ವರಿಗೆ ಕ್ಯಾನ್ಸರ್ ಬಂತು. ಎಂಐಡಿಸಿ ಗಾಳಿಯೇ ಕಾರಣ ಇರಬೇಕು.” ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. 2014ರಲ್ಲಿ ಹಸಿರು ಮಳೆ, 2020ರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ ರಸ್ತೆ, 2016 ಮತ್ತು 2024ರಲ್ಲಿ ಕಾರ್ಖಾನೆ ಸ್ಫೋಟ ಕಂಡ ಡೊಂಬಿವಲಿಯಲ್ಲಿ ಈ ಭಯ ಸಹಜ. ಆದರೆ ಭಯ ಬೇರೆ, ಪುರಾವೆ ಬೇರೆ. ತಜ್ಞರು ಹೇಗೆ ಪರಿಶೀಲಿಸುತ್ತಾರೆ ನೋಡಿ.

1. *ಒಂದೇ ಬಗೆಯದೇ?* ಬಾಯಿ, ಸ್ತನ, ಶ್ವಾಸಕೋಶದ ಕ್ಯಾನ್ಸರ್‌ಗಳಿಗೆ ಕಾರಣಗಳು ಬೇರೆ ಬೇರೆ. ಒಂದೇ ಬಗೆಯ, ಅದರಲ್ಲೂ ಅಪರೂಪದ ಕ್ಯಾನ್ಸರ್ ಹಲವರಿಗೆ ಬಂದರೆ ಸಂಶಯ ಬಲವಾಗುತ್ತದೆ. ಇದಕ್ಕೆ ಬಯಾಪ್ಸಿ ವರದಿ ಬೇಕು.

2. *ಎಷ್ಟು ವರ್ಷದ ವಾಸ?* ಹೆಚ್ಚಿನ ಕ್ಯಾನ್ಸರ್ ಬೆಳೆಯಲು ಹಲವು ವರ್ಷ ಬೇಕು. ಕಳೆದ ವರ್ಷ ಬಾಡಿಗೆಗೆ ಬಂದವರ ಕಾಯಿಲೆಗೆ ಇಲ್ಲಿನ ಗಾಳಿ ಕಾರಣವಾಗುವ ಸಾಧ್ಯತೆ ಕಡಿಮೆ.

3. *ನಿರೀಕ್ಷೆಗಿಂತ ಹೆಚ್ಚೇ?* ಭಾರತದಲ್ಲಿ 9 ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರಬಹುದೆಂದು ಐಸಿಎಂಆರ್‌ನ ನೋಂದಣಿ ಕಾರ್ಯಕ್ರಮದ ಅಂದಾಜು. ವಯಸ್ಸಾದವರು ಹೆಚ್ಚಿರುವ ಕಟ್ಟಡದಲ್ಲಿ ಸಂಖ್ಯೆ ಇನ್ನೂ ಹೆಚ್ಚು. ಆದ್ದರಿಂದ ಅದೇ ವಯಸ್ಸಿನ ಜನರಲ್ಲಿ ಎಷ್ಟು ಬರಬೇಕಿತ್ತು ಎಂದು ಹೋಲಿಸುತ್ತಾರೆ. ರೋಗಿಗಳ ಮನೆಗಳನ್ನಷ್ಟೇ ಸೇರಿಸಿ ಗೆರೆ ಎಳೆದರೆ ಯಾವ ಗಲ್ಲಿಯೂ ಭಯ ಹುಟ್ಟಿಸುತ್ತದೆ.

4. *ಕಾರಣ ಏನಿರಬಹುದು?* ಮೇಲಿನ ಮೂರೂ ಹೌದಾದರೆ ಗಾಳಿ, ನೀರು, ಕೆಲಸದ ಸ್ಥಳ, ತಂಬಾಕು ಎಲ್ಲವನ್ನೂ ನೋಡುತ್ತಾರೆ. ಕಾರಣ ಸಿಗುವುದು ಅಪರೂಪ, ಆದರೆ ಸಿಕ್ಕಿದ್ದುಂಟು. ಟರ್ಕಿಯ ಕಪಡೋಕಿಯದ ಕೆಲವು ಹಳ್ಳಿಗಳಲ್ಲಿ ಮೀಸೊಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಹೆಚ್ಚಾಗಿ ಬರುತ್ತಿತ್ತು. ಅಲ್ಲಿನ ಕಲ್ಲಿನಲ್ಲಿದ್ದ ಎರಿಯೊನೈಟ್ ಎಂಬ ಖನಿಜದ ನಾರು ಕಾರಣವೆಂದು ಪತ್ತೆಯಾಯಿತು.

ಹೋಲಿಕೆಯ ಲೆಕ್ಕ ಸಿಗುವುದು ಕ್ಯಾನ್ಸರ್ ನೋಂದಣಿಯಿಂದ. ದೇಶದ ಮೊದಲ ಜನಸಂಖ್ಯಾ ಆಧಾರಿತ ನೋಂದಣಿಯನ್ನು ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮುಂಬಯಿಯಲ್ಲೇ 1963ರಲ್ಲಿ ಶುರುಮಾಡಿತು. ಆಸ್ಪತ್ರೆ ಎಲ್ಲಿದೆ ಎಂಬುದಲ್ಲ, ರೋಗಿ ಎಲ್ಲಿ ವಾಸವಿದ್ದರು ಎಂಬುದೇ ಇಲ್ಲಿ ಮುಖ್ಯ. ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಮಾತ್ರ ಆ ಪ್ರದೇಶದ ಲೆಕ್ಕಕ್ಕೆ ಸೇರಿಸುತ್ತಾರೆ.

*ನಾವು ಎಡವುವುದು ಇಲ್ಲೇ.* ಇಪ್ಪತ್ತು ವರ್ಷ ಕಲ್ಯಾಣದಲ್ಲಿದ್ದವರು ಚಿಕಿತ್ಸೆಗೆ ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ಊರಿನ ವಿಳಾಸ ಬರೆಸಿದರೆ, ಆ ಕೇಸು ಊರಿನ ಲೆಕ್ಕಕ್ಕೆ ಹೋಗಬಹುದು. ಆಗ ಇಲ್ಲಿನ ತೊಂದರೆ ಕಾಗದದಲ್ಲಿ ಕಾಣುವುದೇ ಇಲ್ಲ.

ಹಾಗಾಗಿ ಇಷ್ಟು ಮಾಡಿ:
• ಆಸ್ಪತ್ರೆಯಲ್ಲಿ ಈಗ ವಾಸವಿರುವ ವಿಳಾಸ, ಎಷ್ಟು ವರ್ಷದಿಂದ ಎಂಬುದು ಮತ್ತು ಕೆಲಸ ಹೇಳಿ ಬರೆಸಿ.
• ಬಯಾಪ್ಸಿ ವರದಿ ಜೋಪಾನವಾಗಿಡಿ.
• ಸಂಶಯವಿದ್ದರೆ ಕಾಯಿಲೆಯ ಬಗೆ, ವಯಸ್ಸು, ಪತ್ತೆಯಾದ ವರ್ಷ, ವಾಸದ ಅವಧಿ ಬರೆದು ಪಾಲಿಕೆಯ ಆರೋಗ್ಯ ಅಧಿಕಾರಿಗೆ ಸೊಸೈಟಿಯಿಂದ ಅರ್ಜಿ ಕೊಡಿ. ರೋಗಿಗಳ ಹೆಸರನ್ನು ಗ್ರೂಪಿನಲ್ಲಿ ಹಾಕಬೇಡಿ.
• ದುರ್ನಾತ, ಹೊಗೆ, ಬಣ್ಣದ ನೀರು ಕಂಡರೆ ದಿನಾಂಕ, ಫೋಟೋ ಸಹಿತ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ಇದಕ್ಕೆ ಕ್ಯಾನ್ಸರ್ ಸಾಬೀತಾಗುವವರೆಗೆ ಕಾಯಬೇಕಿಲ್ಲ.

ತನಿಖೆಗೆ ಸಮಯ ಹಿಡಿಯುತ್ತದೆ. ಆದರೆ ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಸ್ತನದಲ್ಲಿ ಗಂಟು ಕಂಡರೆ ಇಂದೇ ಡಾಕ್ಟರಿಗೆ ತೋರಿಸಿ.

ನಮ್ಮವರಿಗೆಲ್ಲ ತಿಳಿಯಲಿ, ದಯವಿಟ್ಟು ಮುಂದೆ ಕಳುಹಿಸಿ.