ಇನ್ನೂ ಬಾರದ ಎಲೆಗೆ ಎಷ್ಟು ಕೊಡಬೇಕು? ಪೋಕರ್ ಲೆಕ್ಕ, ಆಲೂಗಡ್ಡೆ ಲೆಕ್ಕ ಮತ್ತು ಒಂದು ಕಾನೂನು

ಪೋಕರ್ ಜೂಜೋ, ಜಾಣ್ಮೆಯ ಆಟವೋ? ನಮ್ಮ ಕೋರ್ಟುಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಕೇಳುತ್ತಾ ಬಂದಿವೆ. ಜಾಣ್ಮೆಯ ಆಟವಾಗಿ ಆಡುವುದಾದರೆ ಲೈಸೆನ್ಸ್ ಬೇಕಿಲ್ಲ ಎಂಬ ನಿಲುವನ್ನು 2013ರಲ್ಲಿ ಕರ್ನಾಟಕ ಹೈಕೋರ್ಟ್ ತಳೆಯಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಪೋಕರನ್ನು ಅದೃಷ್ಟದ ಆಟ ಎಂದಿತು. 2021ರಲ್ಲಿ ಬೊಮ್ಮಾಯಿ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಜಾಣ್ಮೆಯೋ ಅದೃಷ್ಟವೋ, ಏನೇ ಇರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವಂತಿಲ್ಲ ಎಂದಿತು.

ಇಷ್ಟೆಲ್ಲ ಗದ್ದಲದಲ್ಲಿ ಆ 'ಜಾಣ್ಮೆ' ನಿಜಕ್ಕೂ ಎಲ್ಲಿದೆ ಅಂತ ಬಿಡಿಸಿ ಹೇಳಿದವರು ಕಡಿಮೆ. ಅದನ್ನು ನೋಡೋಕೆ ಒಂದೇ ಸನ್ನಿವೇಶ ಸಾಕು. ಕೈ ಇನ್ನೂ ಪೂರ್ತಿ ಆಗಿಲ್ಲ, ಒಂದು ಎಲೆ ಬಂದರೆ ಗೆಲುವು. ಎದುರಿನವನು ದೊಡ್ಡ ಬೆಟ್ ಹಾಕಿದ್ದಾನೆ. ಅಷ್ಟೇ ದುಡ್ಡು ಹಾಕಿ ಕಾಲ್ ಮಾಡಬೇಕಾ? ಅಥವಾ ಎಲೆ ಕೆಳಗಿಟ್ಟು ಫೋಲ್ಡ್ ಮಾಡಬೇಕಾ?

ಎಲೆ ಅದೇ, ಬೆಲೆ ಬೇರೆ

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೆಕ್ಸಾಸ್ ಹೋಲ್ಡಮ್ ಪೋಕರ್‌ನಲ್ಲಿ ಪ್ರತಿಯೊಬ್ಬರ ಕೈಗೂ ಎರಡು ಗುಟ್ಟಿನ ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್; ಆಮೇಲೆ ಒಂದು, ಅದು ಟರ್ನ್; ಕೊನೆಯದು ರಿವರ್. ಪ್ರತಿ ಹಂತದಲ್ಲೂ ಬೆಟ್ ನಡೆಯುತ್ತೆ. ಹಾಗೆ ಸೇರಿದ ದುಡ್ಡೇ ಪಾಟ್. ಒಟ್ಟು ಏಳು ಎಲೆಯಲ್ಲಿ ಯಾರ ಐದು ದೊಡ್ಡದೋ ಅವರಿಗೆ ಅದು ಸೇರುತ್ತೆ.

ನಿಮ್ಮ ಕೈಯಲ್ಲಿ ಆಟೀನ್ ಎಕ್ಕ, ಆಟೀನ್ 7. ಟರ್ನ್ ಮುಗಿದಾಗ ಮಧ್ಯದಲ್ಲಿ ಆಟೀನ್ ರಾಣಿ, ಆಟೀನ್ 4, ಕಳಾವರ್ 9, ಇಸ್ಪೀಟ್ 2. ಕೊನೆಯ ಎಲೆ ಆಟೀನ್ ಆದರೆ ನಿಮ್ಮದು ಫ್ಲಶ್. ಆಗದಿದ್ದರೆ ಸೋಲು ಅಂತಲೇ ಇಟ್ಟುಕೊಳ್ಳೋಣ. 52ರಲ್ಲಿ ನಿಮಗೆ ಕಂಡಿರೋದು 6. ಕಾಣದ 46ರಲ್ಲಿ ಆಟೀನ್ 9. ಅಂದರೆ ನೂರಕ್ಕೆ 19.6, ಸುಮಾರು ಐದಕ್ಕೆ ಒಂದು ಸಲ.

ಪಾಟ್‌ನಲ್ಲಿ 1,000 ರೂಪಾಯಿ ಇದೆ. ಎದುರಿನವನು ಇನ್ನೂ 1,000 ತಳ್ಳಿದ. ಈಗ ನೀವು 1,000 ಹಾಕಿ 2,000 ಗೆಲ್ಲೋಕೆ ನೋಡ್ತಿದ್ದೀರಿ. ಇದು ಗಿಟ್ಟಬೇಕಾದರೆ ಮೂರಕ್ಕೆ ಒಂದು ಸಲ ಗೆಲ್ಲಬೇಕು, ನೀವು ಗೆಲ್ಲೋದು ಐದಕ್ಕೆ ಒಂದು. ಇದೇ ಸನ್ನಿವೇಶ 46 ಸಲ ಬಂತು ಅಂದುಕೊಳ್ಳಿ: 9 ಸಲ ಗೆದ್ದು 18,000 ಬರುತ್ತೆ, 37 ಸಲ ಸೋತು 37,000 ಹೋಗುತ್ತೆ. ಕಾಲ್ ಒತ್ತಿದ ಪ್ರತಿ ಸಲವೂ ಸರಾಸರಿ 413 ರೂಪಾಯಿ ನಷ್ಟ.

ಈಗ ಬೆಟ್ ಮಾತ್ರ ಬದಲಾಯಿಸಿ. ಎದುರಿನವನು 250 ಹಾಕಿದ. ನೀವು 250 ಹಾಕಿದರೆ ಗೆಲ್ಲೋದು 1,250. ಅದೇ 46 ಸಲದಲ್ಲಿ ಬರೋದು 11,250, ಹೋಗೋದು 9,250. ಈಗ ಲಾಭ. ಎಲೆ, ಅದೃಷ್ಟ, ಎದುರಾಳಿ ಎಲ್ಲ ಅವೇ. ಬೆಲೆ ಮಾತ್ರ ಬೇರೆ. ಈ ಕೈಗೆ ಗಡಿ ಪಾಟ್‌ನ ಮೂರನೇ ಒಂದು ಭಾಗಕ್ಕಿಂತ ಚೂರು ಕಡಿಮೆ, 1,000ಕ್ಕೆ ಸುಮಾರು 320. ಅದಕ್ಕಿಂತ ದೊಡ್ಡ ಬೆಟ್ ಬಂದರೆ ಫೋಲ್ಡ್, ಬೇರೆ ಕಾರಣ ಇಲ್ಲದಿದ್ದರೆ.

ಆ 'ಬೇರೆ ಕಾರಣ' ಮುಂದೆ ಸಿಗಬಹುದಾದ ದುಡ್ಡು. ಇವತ್ತು 1,000 ಕೊಟ್ಟು, ಆಟೀನ್ ಬಿದ್ದಾಗ ಎದುರಿನವನಿಂದ ಇನ್ನೂ 2,100ರಷ್ಟು ಕೀಳೋಕೆ ಆಗುತ್ತೆ ಅಂತಾದರೆ ಲೆಕ್ಕ ಸರಿಹೋಗುತ್ತೆ. ಆದರೆ ಅವನ ಮುಂದೆ ಅಷ್ಟು ದುಡ್ಡು ಉಳಿದಿರಬೇಕು. ಮಧ್ಯದಲ್ಲಿ ಮೂರು ಆಟೀನ್ ಕಣ್ಣಿಗೆ ಹೊಡೆಯುವಾಗಲೂ ಅವನು ಕೊಡಬೇಕು. ಯಾಕೆ ಕೊಡ್ತಾನೆ? ಜೊತೆಗೆ, ನಿಮ್ಮದು ಎಕ್ಕದ ಫ್ಲಶ್ ಆಗದೆ 7-6ರ ಫ್ಲಶ್ ಆಗಿದ್ದರೆ, ಎಲೆ ಬಂದ ಮೇಲೂ ಇನ್ನೊಬ್ಬನ ದೊಡ್ಡ ಫ್ಲಶ್‌ಗೆ ಎಲ್ಲವನ್ನೂ ಕಳ್ಕೊಬಹುದು.

ನೂರಕ್ಕೆ 35 ಅನ್ನೋ ಬಲೆ

ಫ್ಲಾಪ್‌ನಲ್ಲೇ ನಾಲ್ಕು ಆಟೀನ್ ಸೇರಿದ್ದರೆ ಇನ್ನೂ ಎರಡು ಎಲೆ ಬಾಕಿ, ಫ್ಲಶ್ ಆಗುವ ಸಾಧ್ಯತೆ ನೂರಕ್ಕೆ 35. ಹೊಸಬರು ಈ ಅಂಕಿ ಹಿಡ್ಕೊಂಡೇ ಪಾಟ್‌ನಷ್ಟು ದೊಡ್ಡ ಬೆಟ್ ಕಾಲ್ ಮಾಡ್ತಾರೆ: 33.3 ಬೇಕು, 35 ಇದೆ, ಸರಿಯಲ್ಲವೇ?

ಎದುರಿನವನು ಆಲ್-ಇನ್ ಆಗಿದ್ದರೆ, ಅಂದರೆ ಅವನ ಹತ್ತಿರ ಇನ್ನು ಹಾಕೋಕೆ ದುಡ್ಡೇ ಇಲ್ಲದಿದ್ದರೆ, ಹೆಚ್ಚುಕಮ್ಮಿ ಸರಿ. ದುಡ್ಡು ಉಳಿದಿದ್ದರೆ ತಪ್ಪು. ನೀವು ಕೊಟ್ಟ ಬೆಲೆಗೆ ಸಿಕ್ಕಿದ್ದು ಒಂದೇ ಎಲೆ. ಟರ್ನ್‌ನಲ್ಲಿ ಆಟೀನ್ ಬೀಳದಿದ್ದರೆ ಅವನು ಮತ್ತೆ ಬೆಟ್ ಹಾಕ್ತಾನೆ, ಎರಡನೇ ಎಲೆಗೆ ಮತ್ತೆ ಬೆಲೆ ಕಟ್ಟಬೇಕು. ಇನ್ನೊಂದು: ಅವನ ಹತ್ತಿರ ಆಗಲೇ ಒಂದೇ ಥರದ ಮೂರು ಎಲೆ ಇದ್ದರೆ, ಅವನ ಕೈಯೂ ಬೆಳೆಯಬಹುದು. ಆಗ ನಿಮ್ಮ 35 ಇಳಿದು 25ರ ಹತ್ತಿರ ಬರುತ್ತೆ.

ಈ ಲೆಕ್ಕದಲ್ಲಿ ಎಲ್ಲೂ ಇಲ್ಲದ ಒಂದು ಅಂಕಿ ಇದೆ: ಈವರೆಗೆ ನೀವು ಹಾಕಿರೋ ದುಡ್ಡು. ಪಾಟ್‌ಗೆ ಬಿದ್ದ ಮೇಲೆ ಅದು ನಿಮ್ಮದಲ್ಲ. 'ಇಷ್ಟು ಹಾಕಿದ್ದೀನಿ, ಈಗ ಬಿಡೋದಾ' ಅನ್ನೋದು ಲೆಕ್ಕ ಅಲ್ಲ, ಸಂಕಟ.

ಅರಕಲಗೂಡಿನವರು ಆಡುವ ಕೈ

ಈ ಸಂಕಟದ ಮಾತು ನಮ್ಮ ಅರಕಲಗೂಡು, ಹಾಸನದ ಕಡೆ ಆಲೂಗಡ್ಡೆ ಹೊಲದಲ್ಲೂ ಕೇಳುತ್ತೆ. ಮುಂಗಾರಿನ ಹೊತ್ತಿಗೆ ಪಂಜಾಬಿನ ಜಲಂಧರ್‌ನಿಂದ ಹಾಸನದ ಎಪಿಎಂಸಿಗೆ ಬಿತ್ತನೆ ಗಡ್ಡೆ ಬರುತ್ತೆ. ಅದನ್ನು ಕೊಂಡಿದ್ದೇ ಮೊದಲ ಬೆಟ್. ಗೊಬ್ಬರ, ಆಳು ಎರಡನೆಯದು. ಆಮೇಲೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ಬರುತ್ತೆ, ಎಲೆ ಕಪ್ಪಾಗುತ್ತೆ. ಇನ್ನೊಂದು ಸಲ ಔಷಧಿ ಹೊಡೀಬೇಕಾ, ಬಿಡಬೇಕಾ? 'ಇಷ್ಟ್ ಹಾಕಿದ್ದೀವಿ, ಈಗ ಬಿಟ್ರೆ ಹೆಂಗೆ?' ಅಂತಾರೆ.

ಲೆಕ್ಕ ಪೋಕರ್‌ನದ್ದೇ: ಈಗ ಹಾಕೋ ದುಡ್ಡೆಷ್ಟು, ಬೆಳೆ ಉಳಿಯುವ ಸಾಧ್ಯತೆ ಎಷ್ಟು, ಉಳಿದರೆ ಕೈಗೆ ಬರೋದೆಷ್ಟು. ಆದರೆ ಇಲ್ಲಿ ಪಾಟ್ ಎಷ್ಟು ಅಂತ ಕಿತ್ತು ಲಾರಿಗೆ ತುಂಬೋವರೆಗೂ ಗೊತ್ತಾಗಲ್ಲ. ಆಲೂಗಡ್ಡೆ ಕೇಂದ್ರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಪೋಕರ್ ಆಡುವವನು ಫೋಲ್ಡ್ ಮಾಡಿದರೆ ಎರಡು ನಿಮಿಷಕ್ಕೆ ಹೊಸ ಕೈ ಬರುತ್ತೆ. ರೈತನಿಗೆ ಮುಂದಿನ ಕೈ ಮುಂದಿನ ಹಂಗಾಮಿಗೆ, ಅದೂ ಸಾಲದ ಬಡ್ಡಿ ಸೇರಿಸಿಕೊಂಡು. 46 ಸಲದ ಸರಾಸರಿ ಅನ್ನೋದು 46 ಸಲ ಕೂರೋಕೆ ಆಗುವವನಿಗೆ ಮಾತ್ರ ಸಮಾಧಾನ.

ಅದಕ್ಕೇ ನನಗೆ ಅನ್ನಿಸೋದು, ಪೋಕರ್‌ನ ಜಾಣ್ಮೆ ಮುಂದೆ ಯಾವ ಎಲೆ ಬೀಳುತ್ತೆ ಅಂತ ಊಹಿಸೋದರಲ್ಲಿಲ್ಲ. ಬೆಲೆ ಕೇಳೋದರಲ್ಲಿದೆ, ಬೆಲೆ ಜಾಸ್ತಿ ಆದಾಗ ಬಿಡೋದರಲ್ಲಿದೆ. ಬಿಡೋಕೆ ಆಗದವನಿಗೆ ಆ ಜಾಣ್ಮೆ ಇದ್ದೂ ಉಪಯೋಗವಿಲ್ಲ.

'ಜಾಣ್ಮೆ' ಅನ್ನೋದು ಯಾರಿಗೆ ಸಮಾಧಾನ?

1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಜಾಣ್ಮೆಯ ಆಟ ಎಂದಾಗ ಕೊಟ್ಟ ಕಾರಣವೂ ಇದರ ಹತ್ತಿರದ್ದೇ: ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಕೊಬೇಕು, ಯಾವುದು ಬಿಡಬೇಕು ಅಂತ ತೀರ್ಮಾನಿಸಬೇಕು. ಮೂರೆಲೆ ಆಟವನ್ನು ಅದೇ ತೀರ್ಪು ಬರೀ ಅದೃಷ್ಟದ ಪಾಲಿಗೆ ಬಿಟ್ಟಿತು. ಮೇಲಿನ ಲೆಕ್ಕ ನೋಡಿದವರು ಪೋಕರ್‌ನಲ್ಲಿ ಜಾಣ್ಮೆ ಇಲ್ಲ ಅನ್ನಲಾರರು. ಕಂಪನಿಗಳ ವಾದ ಅಷ್ಟರಮಟ್ಟಿಗೆ ನಿಜ.

ಆದರೆ ಆ ನಿಜದ ಇನ್ನೊಂದು ಮುಖ ಜಾಹೀರಾತಿನಲ್ಲಿ ಬರಲಿಲ್ಲ. ಲಾಟರಿಯಲ್ಲಿ ಎಲ್ಲ ಟಿಕೆಟ್‌ಗೂ ಒಂದೇ ಅದೃಷ್ಟ. ಜಾಣ್ಮೆಯ ಆಟದಲ್ಲಿ ಕಲಿಯದವನು ಕಲಿತವನಿಗೆ ಸೋಲೋದು ಹೆಚ್ಚುಕಮ್ಮಿ ಖಾತ್ರಿ, ಸ್ವಲ್ಪ ಸಮಯ ಬೇಕಷ್ಟೆ. ಟೇಬಲ್‌ಗೆ ಹೊರಗಿನಿಂದ ದುಡ್ಡು ಬರಲ್ಲ, ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಅದರ ಮೇಲೆ ಆಟ ನಡೆಸುವವರು ಪಾಟ್‌ನಿಂದ ತೆಗೆಯುವ ಪಾಲು ಬೇರೆ, ಅದಕ್ಕೆ ರೇಕ್ ಅಂತಾರೆ.

ರೇಕ್ ಏನು ಮಾಡುತ್ತೆ ನೋಡಿ. ಆಗಿನ ಆಲ್-ಇನ್ ಉದಾಹರಣೆ: ಕಾಲ್ ಆದ ಮೇಲೆ ಪಾಟ್ 3,000, ಗೆಲ್ಲುವ ಸಾಧ್ಯತೆ 35. ನಿಮ್ಮ ಪಾಲು 1,050, ಹಾಕೋದು 1,000. ಐವತ್ತು ರೂಪಾಯಿ ಲಾಭದ ಕಾಲ್. ನೂರಕ್ಕೆ 5 ರೇಕ್ ತೆಗೆದರು ಅಂದುಕೊಳ್ಳಿ. ಪಾಟ್ 2,850 ಆಯ್ತು, ನಿಮ್ಮ ಪಾಲು 997. ಲೆಕ್ಕ ಸರಿಯಾಗಿ ಮಾಡಿದವನೂ ನಷ್ಟಕ್ಕೆ ಬಿದ್ದ. ಗೆದ್ದಿದ್ದು ಎದುರಿನವನೂ ಅಲ್ಲ, ಮನೆಯವನು.

ಸರ್ಕಾರವೂ ಆ ಟೇಬಲ್‌ನಿಂದ ದೂರ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಕಟ್ಟುವ ಪೂರ್ತಿ ಹಣದ ಮೇಲೆ ನೂರಕ್ಕೆ 28 ಜಿಎಸ್‌ಟಿ ಹಾಕಿತು. ಎರಡು ವರ್ಷ ತುಂಬುವ ಮೊದಲೇ ಆಟವನ್ನೇ ನಿಷೇಧಿಸಿತು. ಈಗಿನ ಕಾಯ್ದೆಯಲ್ಲಿ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ ಇದೆ. ಆಡುವವರಿಗೆ ಶಿಕ್ಷೆ ಇಲ್ಲ, ಅದು ಸರಿಯಾದ ತೀರ್ಮಾನ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋಗಿವೆ.

ಅಲ್ಲಿ ಮತ್ತೆ 'ಜಾಣ್ಮೆಯೋ, ಅದೃಷ್ಟವೋ' ಎಂಬಲ್ಲಿಗೇ ವಾದ ನಿಂತರೆ ನಾವು 1967ಕ್ಕೇ ವಾಪಸ್. ಕೇಳಬೇಕಾದ್ದು ಬೇರೆ. ಆಡುವವನಿಗೆ ತಾನು ಕೊಡ್ತಿರೋ ಬೆಲೆ ಗೊತ್ತಾ? ಈವರೆಗೆ ಎಷ್ಟು ಕಳ್ಕೊಂಡೆ, ರೇಕ್‌ಗೆ ಎಷ್ಟು ಹೋಯ್ತು ಅಂತ ಅವನ ಪರದೆ ಮೇಲೆ ಕಾಣುತ್ತಾ? ತಿಂಗಳಿಗೆ ಇಷ್ಟರ ಮೇಲೆ ಹಾಕುವಂತಿಲ್ಲ ಅನ್ನೋ ಮಿತಿ ಇದೆಯಾ? ಎದ್ದು ಹೋಗೋದು ಸುಲಭವಾ, ಅಥವಾ ಎದ್ದವನಿಗೆ ಬೋನಸ್ ಮೆಸೇಜ್ ಕಳಿಸಿ ಮತ್ತೆ ಕೂರಿಸ್ತಾರಾ? ಕಾನೂನಿನ ಕೈಗೆ ಸಿಗದ ವಿದೇಶಿ ಸೈಟ್‌ಗಳಿಗೆ ಈ ಪ್ರಶ್ನೆಗಳನ್ನು ಕೇಳೋಕೂ ಆಗಲ್ಲ. ಬರೀ ನಿಷೇಧದ ದೊಡ್ಡ ದೌರ್ಬಲ್ಯ ಇದೇ. ಕಾನೂನುಬದ್ಧ ಆಟ ಮತ್ತೆ ಬರುವುದಾದರೆ, ಈ ಉತ್ತರಗಳನ್ನು ಲೈಸೆನ್ಸ್‌ನ ಷರತ್ತು ಮಾಡಬೇಕು.