ಟ್ರ್ಯಾಕ್ಟರು ಚಾಲೂ ಆಗದಿದ್ದರೆ ಮೊದಲು ನೋಡತಕ್ಕದ್ದು

ಹಿಂಗಾರಿ ಬಿತ್ತಿಗೆಗೆ ಹದ ಬಂದ ದಿನವೇ ಟ್ರ್ಯಾಕ್ಟರು ಹಟ ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಇದು ದೈವದ ಆಟವಲ್ಲ. ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಬಿಳಿಜೋಳದ ಹಳ್ಳಿಗಳಲ್ಲಿ ಬೇಸಿಗೆಯ ಉಳುಮೆ ಮುಗಿದ ಮೇಲೆ ಯಂತ್ರವು ಎಷ್ಟೋ ವಾರ ಸುಮ್ಮನೆ ನಿಂತಿರುತ್ತದೆ. ನಿಂತ ಬ್ಯಾಟರಿಯು ತನ್ನಷ್ಟಕ್ಕೆ ತಾನೇ ಇಳಿಯುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಉತ್ತರಿ ಮಳೆ ಬಿದ್ದು ಎರೆ ನೆಲ ಹದಕ್ಕೆ ಬಂದಾಗ ಕೀಲಿ ತಿರುವಿದರೆ ಸದ್ದೇ ಇಲ್ಲ. ಹದ ನಮಗಾಗಿ ಕಾಯುವುದಿಲ್ಲ. ಆ ಗಡಿಬಿಡಿಯಲ್ಲಿ ಯಾರೋ ಒಬ್ಬರು “ಬ್ಯಾಟರಿ ಹೋಯಿತು” ಎನ್ನುತ್ತಾರೆ, ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತರುತ್ತೇವೆ. ಅನೇಕ ವೇಳೆ ಹಳೆಯ ಬ್ಯಾಟರಿಯಲ್ಲಿ ದೋಷವೇ ಇರುವುದಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಾಗಿಲ್ಲ. ಸ್ಟಾರ್ಟರ್ ಮೋಟಾರು ಅದನ್ನು ಜೋರಾಗಿ ತಿರುಗಿಸಬೇಕು, ಎಣ್ಣೆ ಬರಬೇಕು, ಅಷ್ಟೆ. ಆದ್ದರಿಂದ ತಿರುಗುವುದೇ ಇಲ್ಲವೆಂದಾದರೆ ಎಣ್ಣೆಯ ನಳಿಕೆ ಬಿಚ್ಚುವುದು ವ್ಯರ್ಥ ಕೆಲಸ. ಮೊದಲು ಮುಂದಿನ ದೀಪ ಹಚ್ಚಿರಿ. ಗೇರು ನ್ಯೂಟ್ರಲಿನಲ್ಲಿಟ್ಟು, ಕ್ಲಚ್ಚು ತುಳಿದು, ಕೀಲಿ ತಿರುವುತ್ತ ದೀಪವನ್ನು ನೋಡಿರಿ. ಅರ್ಧ ರೋಗ ಅಲ್ಲಿಯೇ ತಿಳಿಯುತ್ತದೆ.

ದೀಪ ಚೆನ್ನಾಗಿ ಉರಿದು, ಕೀಲಿ ತಿರುವಿದೊಡನೆ ಕಂದಿ, ಸ್ಟಾರ್ಟರಿನಿಂದ ಬರಿ ಟಕ್ ಟಕ್ ಎಂಬ ಸದ್ದು ಬಂದರೆ ಒಂದೋ ಬ್ಯಾಟರಿ ಇಳಿದಿದೆ, ಇಲ್ಲವೇ ಎಲ್ಲಿಯೋ ಬೆಸುಗೆ ಸಡಿಲಾಗಿದೆ. “ದೀಪ ಹತ್ತುತ್ತದೆ, ಹಾಗಾದರೆ ಕರೆಂಟು ಇದೆಯಲ್ಲ” ಎಂದು ಕೇಳುವವರುಂಟು. ಶಾಲೆಯ ಹುಡುಗರಿಗೆ ನಾವು ವಿದ್ಯುತ್ತನ್ನು ನೀರಿಗೆ ಹೋಲಿಸಿ ಹೇಳುತ್ತೇವೆ. ಇಲ್ಲಿಯೂ ಅದೇ ಸಾಕು. 55 ವ್ಯಾಟಿನ ದೀಪ ಎಳೆಯುವುದು ನಾಲ್ಕೂವರೆ ಆಂಪಿಯರು; ಸ್ಟಾರ್ಟರು ಎಳೆಯುವುದು ನೂರಾರು ಆಂಪಿಯರು. ಮಣ್ಣು ಕಟ್ಟಿದ ಕೊಳವೆಯಿಂದ ತಂಬಿಗೆ ತುಂಬಬಹುದು, ತೋಟಕ್ಕೆ ನೀರು ಹಾಯಿಸಲಾಗದು.

ಆ ಮಣ್ಣು ಕಟ್ಟುವ ಸ್ಥಳ ಬ್ಯಾಟರಿಯ ಎರಡು ತುದಿಗಳು. ಅಲ್ಲಿ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕೂಡಿರುತ್ತದೆ. ಮೇಲಿಂದ ಏನೂ ಕಾಣದಿದ್ದರೂ ಹಿಡಿಕೆಯ ಒಳಮೈ ಕಪ್ಪಾಗಿರಬಹುದು, ಬಿಚ್ಚದೆ ತಿಳಿಯದು. ಬಿಚ್ಚುವಾಗ ಋಣ ತುದಿ ಮೊದಲು, ಕೂಡಿಸುವಾಗ ಅದು ಕೊನೆಗೆ. ಇದು ಬರಿ ರೂಢಿಯಲ್ಲ: ಋಣ ತುದಿ ಕಟ್ಟಿರುವಾಗ ಧನ ತುದಿಯ ಪಾನಾ ಟ್ರ್ಯಾಕ್ಟರಿನ ಮೈಗೆ ತಗುಲಿದರೆ ಪಾನಾವೇ ಕೆಂಪಗೆ ಕಾಯುತ್ತದೆ. ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ, ನೀರು ಬ್ಯಾಟರಿಯ ಒಳಗೆ ಹೋಗಬಾರದು. ಸೀಸವು ಹೊಳೆಯುವಂತೆ ಕೆರೆದು, ಬಿಗಿದು, ಮೇಲೆ ವ್ಯಾಸಲೀನು ಸವರಿರಿ. ಬಳಿಕ ಋಣ ತಂತಿಯ ಜಾಡು ಹಿಡಿದು ಹೋಗಿ ಅದು ಮೈಗೆ ಸೇರುವ ಬೋಲ್ಟನ್ನೂ ನೋಡಿರಿ. ಅಲ್ಲಿ ತುಕ್ಕು, ಬಣ್ಣ, ಕೆಸರು ಮೂರೂ ಇರುತ್ತವೆ. ನೋಡುವವರು ಮಾತ್ರ ಕಡಿಮೆ. ಕೆಲವು ಸಾರಿ ಕೀಲಿ ತಿರುವಿದ ಮೇಲೆ ಬೆಸುಗೆಗಳನ್ನು ಮುಟ್ಟಿದರೆ, ಬಿಸಿಯಾದದ್ದೇ ಕೆಟ್ಟದ್ದು.

ಇಷ್ಟಾದರೂ ಆಗದಿದ್ದರೆ ಬ್ಯಾಟರಿಯನ್ನು ಅಳೆಯಿರಿ. ಕೆಲವು ನೂರು ರೂಪಾಯಿಗೆ ಮೀಟರು ಸಿಗುತ್ತದೆ. ನಾಲ್ಕು ಮನೆಗೆ ಒಂದಿದ್ದರೂ ಸಾಕು. ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸುತ್ತದೆ, 12.2 ಎಂದರೆ ಸುಮಾರು ಅರ್ಧ, 12ರ ಕೆಳಗೆ ಬರಿದಾದಂತೆಯೇ. ಮುಚ್ಚಳ ಬಿಚ್ಚುವ ಬಗೆಯದಾದರೆ ಆರೂ ಕೋಣೆಗಳ ದ್ರವವನ್ನು ಹೈಡ್ರೋಮೀಟರಿನಿಂದ ನೋಡಿರಿ. ಆರೂ ಸಮವಾಗಿ ಇಳಿದಿದ್ದರೆ ಚಾರ್ಜು ಮಾಡಿಸಿದರೆ ಏಳುತ್ತದೆ. ಐದು ಸರಿಯಿದ್ದು ಒಂದೇ ಬಹಳ ಇಳಿದಿದ್ದರೆ, ಆಗ ಹೊಸದನ್ನು ಕೊಳ್ಳುವುದು ನ್ಯಾಯ. ನೀರು ಕಡಿಮೆಯಾಗಿದ್ದರೆ ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು, ಬಾವಿಯ ಸವಳು ನೀರು ಸಲ್ಲದು. ಹತ್ತಿರ ಬೀಡಿ ಹಚ್ಚಬಾರದು. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿ ಕಂಡರೆ ಸಿಡಿಯುತ್ತದೆ, ಆಮ್ಲ ಕಣ್ಣಿಗೆ ಹಾರುತ್ತದೆ.

ದೀಪವೂ ಹತ್ತದಿದ್ದರೆ ಫ್ಯೂಜು ಸುಟ್ಟಿರಬಹುದು ಇಲ್ಲವೆ ತಂತಿ ಕಳಚಿರಬಹುದು. ಫ್ಯೂಜಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಬೇಡಿರಿ, ವಯರಿಂಗೆಲ್ಲ ಉರಿದೀತು.

ಇನ್ನು ದೀಪ ಕಂದದೆ ಉರಿಯುತ್ತಿದ್ದು, ಸ್ಟಾರ್ಟರಿನಿಂದ ಟಿಕ್ ಎಂಬ ಸದ್ದೂ ಇಲ್ಲದಿದ್ದರೆ ಶಕ್ತಿ ಇದೆ, ಅಪ್ಪಣೆ ಮುಟ್ಟುತ್ತಿಲ್ಲ ಎಂದರ್ಥ. ಈಗಿನ ಟ್ರ್ಯಾಕ್ಟರುಗಳಲ್ಲಿ ಕ್ಲಚ್ಚಿನ ಬಳಿ ಅಥವಾ ಗೇರಿನ ಬಳಿ ಒಂದು ಸುರಕ್ಷಾ ಸ್ವಿಚ್ಚು ಇರುತ್ತದೆ. ಗೇರಿನಲ್ಲಿದ್ದಾಗ ಎಂಜಿನ್ನು ಏಳಬಾರದೆಂಬುದೇ ಅದರ ಉದ್ದೇಶ. ಕ್ಲಚ್ಚನ್ನು ನಾಲ್ಕು ಸಾರಿ ಪೂರ್ತಿ ತುಳಿಯಿರಿ, ಪಿ.ಟಿ.ಒ. ಹಿಡಿಕೆ ಬಿಡಿಸಿರಿ, ಸ್ವಿಚ್ಚಿನ ಕೆಸರು ಒರೆಸಿರಿ. ಅದು ಕೆಟ್ಟಿದ್ದರೆ ಬದಲಿಸಿರಿ.

ಆದರೆ ನಮ್ಮವರು ಮಾಡುವುದು ಬೇರೆ. ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಪಾನಾ ಅಡ್ಡ ಹಿಡಿದು ಎಂಜಿನ್ನು ಎಬ್ಬಿಸುತ್ತಾರೆ, ಇದನ್ನು ಜಾಣತನವೆಂದು ಹುಡುಗರಿಗೂ ಕಲಿಸುತ್ತಾರೆ. ಹೀಗೆ ಹಿಡಿದಾಗ ಆ ಸುರಕ್ಷಾ ಸ್ವಿಚ್ಚಿನ ಕಾವಲು ಇಲ್ಲವಾಗುತ್ತದೆ. ಗೇರು ಬಿದ್ದಿದ್ದರೆ ಎಂಜಿನ್ನು ಎದ್ದ ಗಳಿಗೆಯಲ್ಲಿಯೇ ಟ್ರ್ಯಾಕ್ಟರು ಮುಂದೆ ನುಗ್ಗುತ್ತದೆ. ನಿಂತವನು ಇರುವುದು ಹಿಂದಿನ ದೊಡ್ಡ ಗಾಲಿಯ ಎದುರಿಗೆ. ಪಕ್ಕಕ್ಕೆ ಜಿಗಿಯಲು ಸಮಯವೇ ಸಿಗದು. ದೇಶ ದೇಶಗಳಲ್ಲಿ ರೈತರು ಸತ್ತಿರುವುದು ಹೀಗೆಯೇ. ಕುರ್ಚಿಯ ಮೇಲೆ ಕೂತವರ ಹೊರತು ಯಾರೂ ಎಂಜಿನ್ನು ಎಬ್ಬಿಸಕೂಡದು.

ಪಕ್ಕದವರ ಟ್ರ್ಯಾಕ್ಟರಿನಿಂದ ಶಕ್ತಿ ಪಡೆಯುವುದಾದರೆ ಎರಡೂ 12 ವೋಲ್ಟಿನವು ಇರಬೇಕು. ಧನಕ್ಕೆ ಧನ ಕೂಡಿಸಿರಿ. ಒಳ್ಳೆಯ ಬ್ಯಾಟರಿಯ ಋಣ ತಂತಿಯನ್ನು ನಿಮ್ಮ ಎಂಜಿನ್ನಿನ ಬರಿಗಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಹಿಡಿಸಿರಿ. ಹತ್ತು ಸೆಕೆಂಡಿಗಿಂತ ಹೆಚ್ಚು ಒಮ್ಮೆಗೇ ತಿರುವಬೇಡಿರಿ, ಒಂದೆರಡು ನಿಮಿಷ ಸ್ಟಾರ್ಟರು ಆರಲಿ. ಎದ್ದ ಮೇಲೆ ತಂತಿಗಳನ್ನು ಹಿಂದುಮುಂದಾದ ಕ್ರಮದಲ್ಲಿ ತೆಗೆದು, ಮೀಟರು ಹಿಡಿದು ನೋಡಿರಿ: 14 ವೋಲ್ಟಿನ ಆಸುಪಾಸು ತೋರಿಸಬೇಕು. ತೋರಿಸದಿದ್ದರೆ ಆಲ್ಟರ್ನೇಟರಿನ ಪಟ್ಟಾ ಸಡಿಲಾಗಿದೆಯೋ ನೋಡಿಸಿರಿ, ಇಲ್ಲವಾದರೆ ನಾಳೆ ಮತ್ತೆ ಇದೇ ಪಾಡು. ಬಿತ್ತಿಗೆ ಮುಗಿಸಿ ತಿಂಗಳುಗಟ್ಟಲೆ ನಿಲ್ಲಿಸುವಾಗ ಋಣ ತುದಿಯ ಹಿಡಿಕೆಯನ್ನು ಕಳಚಿಟ್ಟು, ತಿಂಗಳಿಗೊಮ್ಮೆ ಬ್ಯಾಟರಿಯನ್ನು ಚಾರ್ಜು ಮಾಡಿಸಿರಿ.