ಕೊಂಡು ತಂದ ಕೊಂಡಿ ಕೈ ಹಿಡಿಯದು

ಶೋಳಿಂಗನಲ್ಲೂರ್: ಇಲ್ಲಿನ ಐಟಿ ಕಾರಿಡಾರ್‌ನಲ್ಲಿ ಮನೆಯೂಟ ಒದಗಿಸುವ, ಸಂಗೀತ ಪಾಠ ಹೇಳಿಕೊಡುವ ಕನ್ನಡಿಗರು ವೆಬ್‌ಸೈಟ್ ಮಾಡಿಸಿದರೆ ಸಾಕು, ‘ಸಾವಿರ ಬ್ಯಾಕ್‌ಲಿಂಕ್ ಕೊಡುತ್ತೇವೆ, ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ’ ಎಂಬ ಫೋನ್ ಕರೆ ಬರುವುದುಂಟು. ಹಣ ಕೊಡುವ ಮುನ್ನ ಬಾಂಧವರು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಬೇರೊಂದು ತಾಣ ನಮ್ಮ ತಾಣದತ್ತ ಕೈತೋರಿಸುವ ಕೊಂಡಿಯೇ ಬ್ಯಾಕ್‌ಲಿಂಕ್. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಕಟಿಸಿದ ಪೇಜ್‌ರ್‍ಯಾಂಕ್ ಇದನ್ನು ಶಿಫಾರಸಿನಂತೆ ಎಣಿಸಿತು. ಶಿಫಾರಸು ಮಾಡಿದವರ ತೂಕವನ್ನೂ ನೋಡಿತು. ಶಿಫಾರಸಿಗೆ ಬೆಲೆ ಬಂದ ಮೇಲೆ ಮಾರುವವರು ಹುಟ್ಟದಿರುತ್ತಾರೆಯೇ? 2011ರ ಫೆಬ್ರವರಿಯಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗೆ ಸಂಬಂಧವೇ ಇಲ್ಲದ ತಾಣಗಳಿಂದ ಸಾವಿರಾರು ಕೊಂಡಿಗಳಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಗೂಗಲ್ ಆ ತಾಣವನ್ನು ಕೆಳಕ್ಕೆ ತಳ್ಳಿತು. 2012ರ ಏಪ್ರಿಲ್‌ನಲ್ಲಿ ಬಂದ ‘ಪೆಂಗ್ವಿನ್’ ಇಂತಹ ಕೊಂಡಿಗಳನ್ನೇ ಗುರಿಯಾಗಿಸಿತು. ದೊಡ್ಡ ಮಳಿಗೆ ತಡೆದುಕೊಂಡೀತು, ಮನೆಯೂಟದವರು ತಡೆದುಕೊಳ್ಳುವುದು ಕಷ್ಟ.

ಹಾಗೆಂದು ಬರಹವೊಂದೇ ಸಾಕೆಂದಲ್ಲ. ಪೈಪೋಟಿ ಹೆಚ್ಚಿರುವಲ್ಲಿ ಕೊಂಡಿಯೂ ಬೇಕು. ಆದರೆ ಯಾವ ದಿನ ಹೋಳಿಗೆ, ಎಷ್ಟು ಜನಕ್ಕೆ ಅಡುಗೆ, ಸೆಮ್ಮಂಚೇರಿ, ನಾವಲೂರಿಗೂ ತಲುಪಿಸುತ್ತೀರಾ ಎಂಬ ವಿವರ ಸ್ಪಷ್ಟವಾಗಿದ್ದರೆ ಹುಡುಕುವವರಿಗೆ ಬೇಕಾದ್ದು ಸಿಗುತ್ತದೆ. ಗೂಗಲ್ ನಕ್ಷೆಯಲ್ಲಿ ವ್ಯಾಪಾರ ನೋಂದಾಯಿಸಲು ಹಣ ಬೇಕಿಲ್ಲ. ನೀವು ಅಡುಗೆ ಮಾಡಿದ ರಾಜ್ಯೋತ್ಸವದ ವರದಿಯಲ್ಲಿ ಕನ್ನಡ ಸಂಘದ ತಾಣ ತಾನಾಗಿ ಹಾಕುವ ಒಂದು ಕೊಂಡಿ, ಕೊಂಡು ತಂದ ಸಾವಿರಕ್ಕಿಂತ ಮೇಲು.

ಫೋನ್ ಬಂದರೆ, ಯಾವ ಯಾವ ತಾಣಗಳಲ್ಲಿ ಕೊಂಡಿ ಹಾಕುತ್ತೀರಿ ಎಂದು ಪಟ್ಟಿ ಕೇಳಿ. ಕೊಡದಿದ್ದರೆ ಫೋನ್ ಇಟ್ಟುಬಿಡಿ.